ಹಗ್ಗದ ಕೊನೆಗೆ ನಿಂತವಳು

ಸೀನು ಬಂದರೆ ಜಲಜಳ ಕಾಲುಗಳು ತಮ್ಮಷ್ಟಕ್ಕೇ ಕತ್ತರಿಯಾಗುತ್ತಿದ್ದವು. ಮೀನು ಮಾರಲು ಕೂತಿರಲಿ, ಮದುವೆಮನೆಯ ಊಟದ ಸಾಲಿನಲ್ಲಿ ನಿಂತಿರಲಿ, ಮೂಗು ತುರಿಸಿತೆಂದರೆ ಮೊದಲು ಒಂದು ಕಾಲಿನ ಮೇಲೆ ಇನ್ನೊಂದು ಕಾಲು, ಆಮೇಲೆ ಸೀನು. ಇಷ್ಟು ಮಾಡಿದರೂ ಒಳಲಂಗ ಒಂದಿಷ್ಟು ಒದ್ದೆಯಾಗಿಯೇ ಬಿಡುತ್ತಿತ್ತು. ಹೆಂಗಸರು ಬಾಯಿಬಿಟ್ಟು ಹೇಳದ ಕಾಯಿಲೆಗಳಲ್ಲಿ ಇದಕ್ಕೇ ಮೊದಲ ಮಣೆ. ಬೆನ್ನುನೋವು ಎಂದರೆ ಎಣ್ಣೆ ತಿಕ್ಕಲು ನಾಲ್ಕು ಕೈ ಬರುತ್ತವೆ. ಇದಕ್ಕೆ ಯಾರ ಕೈಯೂ ಬರುವುದಿಲ್ಲ.

ಅವಳು ಸಾಸ್ತಾನದ ಪಡುಬದಿಯ ಕಡಲತಡಿಯವಳು. ಗಂಡ ನಾಗ ಮಲ್ಪೆಯ, ದೊಡ್ಡ ಬಲೆ ಬೀಸುವ ಪರ್ಸೀನ್ ಬೋಟಿನಲ್ಲಿ ದುಡಿಯುತ್ತಾನೆ, ಮಗಳು ನಿಶ್ಮಿತಾ ಬ್ರಹ್ಮಾವರದ ಕಾಲೇಜಿಗೆ ಹೋಗುತ್ತಾಳೆ. ಜಲಜ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುತ್ತಾಳೆ. ಮೊದಲ ಬುಟ್ಟಿ ತಲೆಗೇರಿದ ದಿನ ಅವಳ ತಾಯಿ, ಅಬ್ಬಿ, ಹೇಳಿಕೊಟ್ಟ ಮಂತ್ರ ಒಂದೇ: "ಉಸ್ರ್ ಕಟ್ಟ್, ಎತ್ತ್." ಉಸಿರು ಹಿಡಿದು, ಹೊಟ್ಟೆ ಬಿಗಿದು, ಒಂದೇ ಏಟಿಗೆ ಮೇಲೆ. ಕಡಲತಡಿಯ ಹೆಂಗಸರೆಲ್ಲ ಎತ್ತುವುದು ಹಾಗೆಯೇ. ಹೆರಿಗೆಯಾದಾಗಲೂ ಅಬ್ಬಿಯೇ ಹಳೆ ಸೀರೆ ಹರಿದು ಪಟ್ಟಿ ಮಾಡಿ ಹೊಟ್ಟೆಗೆ ಬಿಗಿದು ಕಟ್ಟಿದ್ದಳು. ಬಾಣಂತನ ಮುಗಿದ ಮೇಲೆ ಎಲ್ಲರೂ ಬಿಚ್ಚುವ ಆ ಪಟ್ಟಿಯನ್ನು ಜಲಜ ಬಿಚ್ಚಲೇ ಇಲ್ಲ. ಬುಟ್ಟಿ ಎತ್ತುವಾಗ ಅದು ಬಲ ಕೊಡುತ್ತದೆ ಎಂದು ಅವಳಿಗೆ ನಂಬಿಕೆ. ಅಬ್ಬಿ ತೀರಿಕೊಂಡಳು, ಮಗಳು ಕಾಲೇಜಿಗೆ ಬಂದಳು, ಒಂದು ಸೀರೆ ಸವೆದರೆ ಇನ್ನೊಂದು ಸೀರೆ ಪಟ್ಟಿಯಾಯಿತು. ಪಟ್ಟಿ ಬಿಗಿಯಾದಷ್ಟೂ ಒದ್ದೆ ಹೆಚ್ಚಾಗುತ್ತಿತ್ತು; ಒದ್ದೆ ಹೆಚ್ಚಾದಷ್ಟೂ ಅವಳು ಪಟ್ಟಿಯನ್ನು ಇನ್ನಷ್ಟು ಬಿಗಿಯುತ್ತಿದ್ದಳು.

ಇದರಿಂದ ಅವಳು ಕಳೆದುಕೊಂಡದ್ದು ಹಗ್ಗವನ್ನು. ಆಸಾಡಿ ತಿಂಗಳಲ್ಲಿ, ಆಷಾಢದ ಮಳೆಗೆ, ಬೋಟುಗಳು ದಡದಲ್ಲಿರುತ್ತವೆ, ಬುಟ್ಟಿಗಳಿಗೂ ಅರ್ಧ ಬಿಡುವು. ಆಗ ಕುಂದಾಪುರದ ಕಡೆ ಕೆಸರುಗದ್ದೆಯ ಆಟಗಳು ನಡೆಯುತ್ತವೆ. ಅಲ್ಲಿ ಹೆಂಗಸರ ಹಗ್ಗಜಗ್ಗಾಟ ಎಂದರೆ ಜನ ಕೊಡೆ ಮಡಚಿ ನಿಂತು ನೋಡುತ್ತಾರೆ. ಕಡಲತಡಿಯ ತಂಡದಲ್ಲಿ ಕೊನೆಗೆ ನಿಲ್ಲುವವಳು ಜಲಜ. ಹಗ್ಗದ ತುದಿಯನ್ನು ಸೊಂಟಕ್ಕೆ ಬಳಸಿಕೊಂಡು ನಿಂತಳೆಂದರೆ ಕಲ್ಲುಕಂಬ ನೆಟ್ಟಂತೆ. ಆದರೆ ಕಳೆದ ವರ್ಷ ಶಿರೂರಿನವರೊಡನೆ ಜಗ್ಗುವಾಗ, ಉಸಿರು ಕಟ್ಟಿ ಎಳೆದ ಹೊತ್ತಿಗೇ, ಒಳಗಿಂದ ತಡೆಯದೆ ಹರಿಯಿತು. ಅವಳ ಕೈ ಸಡಿಲವಾಯಿತು. ಮುಂದಿನವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು. ಕೆಸರಿನಲ್ಲಿ ಯಾರಿಗೂ ಏನೂ ಕಾಣಲಿಲ್ಲ, ಜಲಜಳಿಗೆ ಕಾಲು ಜಾರಿತು ಎಂದು ಎಲ್ಲರೂ ತಿಳಿದರು. ಜಲಜಳಿಗೆ ಮಾತ್ರ ಗೊತ್ತಿತ್ತು. ಮನೆಗೆ ಬಂದು ಬಚ್ಚಲಿನಲ್ಲಿ ನೀರು ಹೊಯ್ದುಕೊಳ್ಳುತ್ತ ಅತ್ತಳು. ಅಬ್ಬಿ ಸತ್ತಾಗಲೂ ಹಾಗೆ ಅತ್ತವಳಲ್ಲ.

ಈ ವರ್ಷ ಆಸಾಡಿ ಹತ್ತಿರ ಬರುತ್ತಿದ್ದಂತೆ ತಂಡದ ಯಜಮಾನಿ ಪದ್ದು ಮನೆಗೆ ಬಂದಳು. ಪದ್ದು ಕಡಲತಡಿಯ ಗಟ್ಟಿಗಿತ್ತಿ. ಬೆಳಿಗ್ಗೆ ಬುಟ್ಟಿ ಹೊತ್ತು ಹೊರಟರೆ ಮಧ್ಯಾಹ್ನದವರೆಗೆ ಒಂದು ತೊಟ್ಟು ನೀರು ಮುಟ್ಟುವವಳಲ್ಲ, ಯಾರ ಮನೆಯಲ್ಲಿ ಚಾ ಕೊಟ್ಟರೂ ಬೇಡ ಎನ್ನುವವಳು. ಅದು ಅವಳ ಗಟ್ಟಿತನ ಎಂದು ಜಲಜ ತಿಳಿದಿದ್ದಳು. ಪದ್ದು ಜಗಲಿಯ ಮೇಲೆ ಕೂತು ವಿಷಯ ನೇರವಾಗಿ ಹೇಳಿದಳು.

"ಕಾಣ್ ಜಲಜ, ನೀ ಕೊನೀಗ್ ನಿಂತ್ರೆ ಟೀಮ್ ಇತ್ತ್. ನೀ ಇಲ್ದಿದ್ರೆ ಟೀಮೇ ಇಲ್ಲ. ಎಂತ ಹೇಳ್ತೆ?"

ಜಲಜ ಯೋಚಿಸಿ ಹೇಳುತ್ತೇನೆ ಎಂದಳು, ಅಷ್ಟೇ. ಇಲ್ಲ ಎಂದರೆ ಕಾರಣ ಕೊಡಬೇಕು, ಹೌದು ಎಂದರೆ ಮತ್ತೆ ಆ ಕೆಸರು. ಅತ್ತ ದರಿ, ಇತ್ತ ಪುಲಿ.

ಅದೇ ವಾರ ಸ್ವಸಹಾಯ ಸಂಘದ ವಾಟ್ಸಾಪಿನಲ್ಲಿ ಯಾರೋ ಒಂದು ಜಾಹೀರಾತು ಹಾಕಿದರು. ಬ್ರಹ್ಮಾವರದಲ್ಲಿ ಹೆಂಗಸರಿಗಾಗಿ ಪಿಲಾಟಿಸ್ ಪರಿಚಯ ತರಗತಿ. ಹೊಟ್ಟೆಯ ಆಳದ ಸ್ನಾಯುಗಳನ್ನು ಎಚ್ಚರಿಸುವ ವ್ಯಾಯಾಮ. ಬೆನ್ನುನೋವು ಇರುವವರು, ಕೆಮ್ಮಿದಾಗ ಸೀನಿದಾಗ ತೊಂದರೆ ಆಗುವವರು ಸಂಕೋಚವಿಲ್ಲದೆ ಬರಬಹುದು. ಅದರ ಕೆಳಗೆ ನಗುವ ಮುಖಗಳ ಮೆರವಣಿಗೆಯೇ ಬಂತು. ಎಲ್ಲರಿಗಿಂತ ಮೊದಲು ಪದ್ದು ಧ್ವನಿ ಸಂದೇಶ ಕಳಿಸಿದ್ದಳು: ಇದೆಲ್ಲ ಪೇಟೆ ಹೆಂಗಸರ ರೋಗ, ಬುಟ್ಟಿ ಹೊರುವವರಿಗೆ ಇಂಥದ್ದು ಬಾರದು ಎಂದು. ಸಂಜೆಯೊಳಗೆ ಜಾಹೀರಾತು ಅಳಿಸಿಹೋಯಿತು. ಅಷ್ಟರಲ್ಲಿ ಜಲಜ ಅದರ ಫೋಟೋ ಹಿಡಿದಿಟ್ಟುಕೊಂಡಿದ್ದಳು. ನಗಾಡುವವರು ನಗಾಡಲಿ, ನಾನು ಹೋಗಿಯೇ ಸೈ ಎಂದು ಅವಳು ನಿಶ್ಚಯಿಸಿದಳು.

ಬ್ರಹ್ಮಾವರವಾದದ್ದೂ ಒಳ್ಳೆಯದಾಯಿತು. ಸಾಸ್ತಾನದಲ್ಲಾಗಿದ್ದರೆ ಮೆಟ್ಟಿಲು ಹತ್ತುವ ಮೊದಲೇ ಊರಿಗೆಲ್ಲ ಸುದ್ದಿಯಾಗುತ್ತಿತ್ತು. ಆದರೆ ಬಸ್ಸಿನ ಕಂಡಕ್ಟರ್ ಸುಜಿತ್ ಅವಳ ಗುರುತಿನವನು, ಮೀನುಬುಟ್ಟಿಯ ವಿಷಯದಲ್ಲಿ ಅವಳೊಡನೆ ದಿನಾ ಜಗಳವಾಡುವವನು. ಬುಟ್ಟಿಯಿಲ್ಲದೆ ಹತ್ತಿದ ಅವಳನ್ನು ಕಂಡು ಅವನಿಗೆ ಏನೋ ಕೊರತೆಯೆನಿಸಿತು.

"ಹ್ವಾಯ್ ಜಲಜಕ್ಕ, ಬುಟ್ಟಿ ಇಲ್ದೆ ಎಲ್ಲಿಗ್ ಸವಾರಿ?"

ಹಲ್ಲಿನ ಡಾಕ್ಟರರಲ್ಲಿಗೆ ಎಂದು ಜಲಜ ಸೆರಗಿನಿಂದ ಕೆನ್ನೆ ಒತ್ತಿಕೊಂಡಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ, ಅವಳ ಇನ್ನೊಂದು ಕೈ ಹೊಟ್ಟೆಯ ಪಟ್ಟಿಯ ಮೇಲಿತ್ತು.

ತರಗತಿ ನಡೆಯುತ್ತಿದ್ದದ್ದು ಒಂದು ಬಟ್ಟೆಯಂಗಡಿಯ ಮಾಳಿಗೆಯಲ್ಲಿ. ಕಲಿಸುವವಳು ಸುಪ್ರೀತಾ. ಅವಳ ತವರಿನವರು ಕುಂದಾಪುರದ ಕಡೆಯವರು, ಮುಂಬಯಿಯಲ್ಲಿ ಹೋಟೆಲ್ ಇಟ್ಟವರು. ಅವಳು ಅಲ್ಲೇ ಫಿಸಿಯೋಥೆರಪಿ ಓದಿ, ಮದುವೆಯಾಗಿ ಬ್ರಹ್ಮಾವರಕ್ಕೆ ಬಂದವಳು. ಮಾತು ಕಡಿಮೆ, ಕಣ್ಣು ಚುರುಕು. ಮೊದಲು ಒಬ್ಬೊಬ್ಬರನ್ನೂ ಬದಿಗೆ ಕರೆದು ಹೆರಿಗೆ, ನೋವು, ಡಾಕ್ಟರಿಗೆ ತೋರಿಸಿದ್ದು ಎಲ್ಲ ಕೇಳಿದಳು. ಜಲಜ ಬೆನ್ನುನೋವು ಎಂದಷ್ಟೇ ಹೇಳಿದಳು. ಆಮೇಲೆ ಎಲ್ಲರೂ ಮ್ಯಾಟಿನ ಮೇಲೆ ಅಂಗಾತ ಮಲಗಿ ಮಂಡಿ ಮಡಚಿದರು. ಸೊಂಟವನ್ನು ನೆಲಕ್ಕೆ ಒತ್ತುವುದೂ ಬೇಡ, ಕಮಾನು ಮಾಡುವುದೂ ಬೇಡ, ನಡುವೆ ಹೇಗಿದೆಯೋ ಹಾಗೆ ಬಿಡಿ ಎಂದಳು ಸುಪ್ರೀತಾ. ಪಕ್ಕೆಲುಬು ಎರಡೂ ಬದಿಗೆ ಅಗಲವಾಗುವಂತೆ ಉಸಿರು ತೆಗೆದುಕೊಳ್ಳಿ; ಬಾಯಿಯಿಂದ ನಿಧಾನ ಬಿಡುತ್ತ ಕೆಳಹೊಟ್ಟೆಯನ್ನು ಮೆಲ್ಲಗೆ ಒಳಗೆ ಸೆಳೆಯಿರಿ.

ಮೆಲ್ಲಗೆ ಎನ್ನುವ ಮಾತು ಜಲಜಳ ಕಿವಿಗೆ ಬೀಳಲಿಲ್ಲ. ಹೊಟ್ಟೆ ಒಳಗೆ ಎಂದದ್ದಷ್ಟೇ ಬಿತ್ತು. ಅದು ಅವಳಿಗೆ ಕಲಿಸಬೇಕಾದ ವಿದ್ಯೆಯೇ? ಉಸಿರು ಕಟ್ಟಿದಳು, ಪಟ್ಟಿಯೊಳಗೆ ಹೊಟ್ಟೆಯನ್ನು ಬೆನ್ನಿಗೆ ತಾಗುವಷ್ಟು ಎಳೆದಳು, ಮುಖ ಕೆಂಪಾಗುವವರೆಗೆ ಹಿಡಿದಳು. ಒಂದು ಕಾಲು ಎತ್ತಿ ಎಂದಾಗ ಬುಟ್ಟಿ ಎತ್ತಿದ ಹಾಗೆ ಎತ್ತಿದಳು. ಅಲ್ಲಿಗೆ ಮುಗಿಯಿತು. ಬೆಚ್ಚಗಿನ ಒದ್ದೆ ಮ್ಯಾಟಿಗೆ ಇಳಿಯಿತು.

ಅವಳು ಏಳಲಿಲ್ಲ. ತರಗತಿ ಮುಗಿದು ಉಳಿದವರು ಕೊಡೆ ಹುಡುಕಿ ಕೆಳಗಿಳಿದರೂ ಹಾಗೆಯೇ ಮಲಗಿದ್ದಳು, ಮಾಡಿನ ಫ್ಯಾನು ನೋಡುತ್ತ. ನೆಲ ಬಾಯಿ ಬಿಟ್ಟು ನುಂಗಬಾರದೇ ಎಂದು ಜನ ಅನ್ನುತ್ತಾರಲ್ಲ, ಆ ಕ್ಷಣದಲ್ಲಿ ಅವಳಿಗೆ ಅದು ನಿಜಕ್ಕೂ ಬೇಕಿತ್ತು. ಸುಪ್ರೀತಾ ಬಾಗಿಲು ಹಾಕಿ ಬಂದು ಪಕ್ಕದಲ್ಲಿ ನೆಲದ ಮೇಲೆ ಕೂತಳು.

"ಜಲಜಕ್ಕ, ಮ್ಯಾಟ್ ತೊಳುಕೆ ನೀರಿತ್ತ್. ನೀವ್ ಹೆದ್ರಿ ನಾಳೆ ಬರ್ದೇ ಇದ್ರೆ ಅದಕ್ಕೆ ಮದ್ದ್ ಇಲ್ಲ."

ಆಗ ಜಲಜ ಎಲ್ಲವನ್ನೂ ಹೇಳಿದಳು. ಸೀನು, ಬುಟ್ಟಿ, ಹಗ್ಗ, ಕೆಸರು. ಸೆರಗು ಸರಿಸಿ ಪಟ್ಟಿಯನ್ನೂ ತೋರಿಸಿದಳು. ಸುಪ್ರೀತಾ ನಗಲಿಲ್ಲ, ಅಯ್ಯೋ ಎನ್ನಲೂ ಇಲ್ಲ. ಬಾಣಂತಿಗೆ ಪಟ್ಟಿ ಕಟ್ಟಿದ ಅಬ್ಬಿಯದ್ದು ತಪ್ಪಲ್ಲ, ಆದರೆ ದೇವರು ಒಳಗೇ ಒಂದು ಪಟ್ಟಿ ಕೊಟ್ಟಿದ್ದಾನೆ ಎಂದಳು. ಹೊಟ್ಟೆಯ ತೀರ ಒಳಪದರದಲ್ಲಿ ಸೊಂಟವನ್ನು ಸುತ್ತಿಕೊಂಡ ಅಗಲದ ಸ್ನಾಯು ಅದು. ಅದಕ್ಕೆ ಮೇಲೆ ಎದೆಗೂ ಹೊಟ್ಟೆಗೂ ನಡುವಿನ ಉಸಿರಿನ ಪರದೆಯೇ ಮುಚ್ಚಳ, ಕೆಳಗೆ ಕಿಬ್ಬೊಟ್ಟೆಯ ತಳದ ಸ್ನಾಯುಗಳೇ ಅಡಿ, ಹಿಂದೆ ಬೆನ್ನುಮೂಳೆ ಹಿಡಿದಿರುವ ಸಣ್ಣ ಸ್ನಾಯುಗಳು. ಇವು ನಾಲ್ಕೂ ಕೂಡಿ ಕೆಲಸ ಮಾಡಬೇಕು. ಉಸಿರು ಕಟ್ಟಿ, ಹೊರಗಿನಿಂದಲೂ ಬಿಗಿದರೆ ಒಳಗಿನ ಒತ್ತಡವೆಲ್ಲ ಕೆಳಗೆ ಇಳಿಯುತ್ತದೆ. ಅಡಿ ಸೋತ ಕಡೆ ಸೋರುತ್ತದೆ. ಎತ್ತುವಾಗ ಉಸಿರು ಬಿಡಬೇಕು, ಕಟ್ಟಬಾರದು. ಇನ್ನೊಂದು, ಹೆದರಿ ನೀರು ಕುಡಿಯುವುದನ್ನು ನಿಲ್ಲಿಸಬಾರದು.

ಜಲಜ ಮನೆಗೆ ಬಂದು ಪಟ್ಟಿ ಬಿಚ್ಚಿದಳು. ಸೊಂಟದ ಸುತ್ತ ಅದರ ಗುರುತು ಅಚ್ಚೊತ್ತಿದಂತೆ ಇತ್ತು. ಬಿಚ್ಚಿದ ಪಟ್ಟಿಯನ್ನು ಬಿಸಾಡುವ ಮನಸ್ಸಾಗದೆ ಮಡಚಿ ಪೆಟ್ಟಿಗೆಯಲ್ಲಿ ಇಟ್ಟಳು.

ಬಿಚ್ಚಿದ ಮಾತ್ರಕ್ಕೆ ಒಳಗಿನ ಪಟ್ಟಿ ಎದ್ದು ಕೂರಲಿಲ್ಲ. ಮೊದಮೊದಲು ಅವಳಿಗೆ ಏನೂ ತಿಳಿಯುತ್ತಿರಲಿಲ್ಲ. ಅಡಿಯ ಸ್ನಾಯು ಮೇಲೆ ಸೆಳೆಯಿರಿ ಎಂದರೆ ಪೃಷ್ಠ ಬಿಗಿಯುತ್ತಿತ್ತು, ತೊಡೆ ಬಿಗಿಯುತ್ತಿತ್ತು, ಹಲ್ಲು ಕೂಡ ಕಚ್ಚುತ್ತಿತ್ತು. ಬೇಕಾದ್ದು ಮಾತ್ರ ಮಲಗಿಯೇ ಇರುತ್ತಿತ್ತು. ಲಿಫ್ಟು ಒಂದೊಂದೇ ಮಹಡಿ ಏರುವುದನ್ನು ನೆನೆಯಿರಿ ಎಂದು ಸುಪ್ರೀತಾ ಹೇಳಿದಳು. ಜಲಜ ಲಿಫ್ಟು ಹತ್ತಿದ್ದು ಒಮ್ಮೆ ಮಾತ್ರ, ಅದೂ ಕಣ್ಣು ಮುಚ್ಚಿಕೊಂಡು. ಆದರೂ ಬಿಡಲಿಲ್ಲ. ಬೆಳಗಿನ ಗಂಜಿ ಬೇಯುವಷ್ಟು ಹೊತ್ತು ಅಡುಗೆಮನೆಯ ನೆಲದಲ್ಲಿ ಚಾಪೆ ಹಾಸಿ ಮಲಗುವುದೇ. ಮಗಳು ಅಮ್ಮನಿಗೆ ಏನಾಯಿತು ಎಂದು ಅಪ್ಪನನ್ನು ಕೇಳಿದಳು. ನಾಗ ರಿಪೇರಿಗೆಂದು ಜಗಲಿಯಲ್ಲಿ ಹರಡಿದ ಬಲೆಯನ್ನು ಒಂದು ಬದಿಗೆ ಸರಿಸಿ, ಅಲ್ಲಿ ನೆಲ ಒಣಗಿದೆ, ಗಾಳಿಯೂ ಬರುತ್ತದೆ ಎಂದ.

ಹೊರಗೆ ಮಳೆ ಹೊಯ್ಯುತ್ತಿದ್ದ ಒಂದು ಬೆಳಿಗ್ಗೆ ಜಲಜ ಅಲ್ಲಿ ಮಲಗಿದ್ದಳು. ನಾಗ ಪಕ್ಕದಲ್ಲಿ ಕೂತು ಬಲೆಯ ತಳಕ್ಕೆ ಹಗ್ಗ ಪೋಣಿಸುತ್ತಿದ್ದ. ಬಲೆಯ ಅಂಚಿಗುಂಟ ಲೋಹದ ಬಳೆಗಳು, ಬಳೆಗಳ ಒಳಗಿಂದ ಹಗ್ಗ. ಮಾಡಿ ಮಾಡಿ ಸೋತು ಅವಳಿಗೆ ಸಿಟ್ಟು ಬಂದಿತ್ತು. ಸುಮ್ಮನೆ ಮಾತಿಗೆ, ಈ ಹಗ್ಗವನ್ನು ಎಳೆಯುವುದು ಯಾವಾಗ ಎಂದು ಕೇಳಿದಳು.

"ಮೊದ್ಲ್ ಇದನ್ನೇ ಎಳುದ್. ಅಡಿ ಮುಚ್ಚದೆ ಬಲಿ ಮೇಲ್ ಎತ್ತ್‌ರೆ ಎಂತ ಉಳಿತ್ತ್, ನೀರಾ?" ಎಂದ ನಾಗ. ಹಗ್ಗವನ್ನು ಒಂದಿಷ್ಟು ಎಳೆದೂ ತೋರಿಸಿದ. ಜೋರು ಮಾಡಲಿಲ್ಲ. ಬಳೆಗಳು ಒಂದರ ಹತ್ತಿರ ಒಂದು ಸರಿದು ಬಲೆಯ ಅಡಿ ಮೆಲ್ಲಗೆ ಕೂಡಿಕೊಂಡಿತು.

ಜಲಜ ಬಲೆಯನ್ನು ನೋಡುತ್ತಲೇ ಉಸಿರು ಬಿಟ್ಟಳು. ಅಡಿ ಮೊದಲು, ಮೆಲ್ಲಗೆ, ನಾಲ್ಕೂ ಕಡೆಯಿಂದ ನಡುವಿಗೆ. ಒಳಗೆಲ್ಲೋ ಏನೋ ಸಣ್ಣಗೆ ಮೇಲೆ ಸರಿಯಿತು. ಅದರ ಹಿಂದೆಯೇ ಕೆಳಹೊಟ್ಟೆ, ಸೊಂಟದ ಎರಡೂ ಬದಿ, ಯಾರೂ ಎಳೆಯದೆ ತಾವಾಗಿ ಕೂಡಿಕೊಂಡವು. ಪೃಷ್ಠ ಸಡಿಲ, ತೊಡೆ ಸಡಿಲ, ಉಸಿರು ಹೋಗುತ್ತ ಬರುತ್ತ ಇತ್ತು. ಅವಳು ಒಂದು ಕಾಲು ಎತ್ತಿದಳು. ಇಳಿಸಿ ಇನ್ನೊಂದನ್ನು ಎತ್ತಿದಳು. ಕಣ್ಣಿನಿಂದ ನೀರು ಇಳಿದು ಕಿವಿಯ ಬಳಿ ಹೋಯಿತು. ನಾಗ ಗಾಬರಿಯಾಗಿ ಬಲೆ ಬಿಟ್ಟು ಬಂದ. ಏನೂ ಇಲ್ಲ, ಸಿಕ್ಕಿತು ಎಂದಳು ಜಲಜ. ಎಂತ ಸಿಕ್ಕಿತೆಂದು ಅವನು ಕೇಳಿದ. ಆ ಸಂಜೆ ಅವಳು ಗಂಡನಿಗೂ ಎಲ್ಲ ಹೇಳಿದಳು. ಇಷ್ಟು ವರ್ಷ ನನಗೆ ಯಾಕೆ ಹೇಳಲಿಲ್ಲ ಎಂದು ಅವನು ಕೇಳಿದ.

ಮರುದಿನ ಅವಳು ಪದ್ದುವಿನ ಮನೆಗೆ ಹೋಗಿ ಹಗ್ಗದ ಕೊನೆಗೆ ನಿಲ್ಲುತ್ತೇನೆ ಎಂದಳು. ತರಗತಿಯಲ್ಲಿ ವಿಷಯ ಕೇಳಿದ ಸುಪ್ರೀತಾ ಬೇಡವೆನ್ನಲಿಲ್ಲ, ಅವಸರ ಎಂದಳು. ಕೆಲವೇ ವಾರಗಳ ಅಭ್ಯಾಸ, ಪೂರ್ತಿ ಗುಣವಾಗಲು ತಿಂಗಳುಗಳೇ ಬೇಕು, ಹಗ್ಗ ಎಂದರೆ ಬುಟ್ಟಿಗಿಂತ ದೊಡ್ಡ ಭಾರ. ಆದರೆ ಜಲಜಳ ಮುಖ ನೋಡಿ ಮಾತು ಬದಲಿಸಿ, ನಿಂತು ಎಳೆಯುವಾಗ ಉಸಿರನ್ನು ಹೇಗೆ ಬಿಡಬೇಕೆಂದು ಕಿಟಕಿಯ ಸರಳಿಗೆ ಟವೆಲು ಕಟ್ಟಿ ಕಲಿಸಿದಳು.

ಆಟದ ಭಾನುವಾರ ಗದ್ದೆಯ ಅಂಚಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಎದುರಿಗೆ ಅದೇ ಶಿರೂರಿನವರು. ಜಲಜ ಮಂಡಿ ಮುಳುಗುವ ಕೆಸರಿನಲ್ಲಿ ಹಿಮ್ಮಡಿ ಊರಿ ಹಗ್ಗವನ್ನು ಸೊಂಟಕ್ಕೆ ಬಳಸಿಕೊಂಡಳು. ಪಟ್ಟಿಯಿಲ್ಲದ ಸೊಂಟಕ್ಕೆ ಹಗ್ಗದ ಒರಟು ನೇರ ತಾಗಿತು. ಸೀಟಿ ಊದಿತು. ಜನರ ಕೂಗಿಗೆ ಮೈ ಬಿಸಿಯಾಗಿ, ಕಲಿತದ್ದೆಲ್ಲ ಮರೆತು, ಅವಳು ಅಬ್ಬಿ ಹೇಳಿಕೊಟ್ಟ ಹಾಗೆ ಉಸಿರು ಕಟ್ಟಿ ಎಳೆದಳು. ಒಳಗೆ ಹನಿಯೊಡೆಯಿತು. ಶಿರೂರಿನವರು ಕಡಲತಡಿಯವರನ್ನು ದರದರ ಎಳೆದುಕೊಂಡು ಹೋದರು. ಮೂರರಲ್ಲಿ ಮೊದಲ ಜಗ್ಗಾಟ ಹೋಯಿತು.

ಬದಿ ಬದಲಿಸುವಾಗ ಜಲಜ ಹಗ್ಗ ಕೆಳಗಿಟ್ಟು ಮನೆಗೆ ಹೋಗಬಹುದಿತ್ತು. ಕಾಲು ಉಳುಕಿತು ಎಂದರೆ ಯಾರೂ ಬೇಡವೆನ್ನುತ್ತಿರಲಿಲ್ಲ. ಹನಿಯಿತು, ಹನಿಯಲಿ, ಹನಿದವಳು ಸತ್ತುಹೋಗಲಿಲ್ಲವಲ್ಲ ಎಂದುಕೊಂಡಳು. ಮತ್ತೆ ಹಗ್ಗವನ್ನು ಸೊಂಟಕ್ಕೆ ತಂದು ಮುಂದಿನವರಿಗೆ ಕೂಗಿ ಹೇಳಿದಳು.

"ಯಾರೂ ಉಸ್ರ್ ಕಟ್ಬೇಡಿ. ನಾ ಹೋ ಅಂದ್ ಕೂಡ್ಲೆ ಉಸ್ರ್ ಬಿಟ್ಕಂಡ್ ಎಳಿರಿ."

ಇದೆಂಥ ಹೊಸ ಶಾಸ್ತ್ರ ಎಂದು ಪದ್ದು ತಿರುಗಿ ನೋಡಿದಳು, ಆದರೆ ವಾದಿಸುವ ಹೊತ್ತಲ್ಲ. ಸೀಟಿ ಊದಿತು. ಅಡಿ ಮೊದಲು, ಮೆಲ್ಲಗೆ. ಜಲಜ ಹೋ ಎಂದು ಉದ್ದಕ್ಕೆ ಉಸಿರು ಬಿಟ್ಟಳು, ಮುಂದಿನವರೂ ಹೋ ಎಂದರು. ಎಲ್ಲರ ಭಾರ ಒಂದೇ ಸಲ ಹಿಂದೆ ಬಿತ್ತು. ಶಿರೂರಿನವರ ಮುಂದಾಳು ಮುಗ್ಗರಿಸಿದಳು. ಎರಡನೆಯದು ಕಡಲತಡಿಗೆ ಬಂತು.

ಮೂರನೆಯದು ಮುಗಿಯುವಂತೆಯೇ ಇರಲಿಲ್ಲ. ಹಗ್ಗ ಆಚೆಗೂ ಇಲ್ಲ, ಈಚೆಗೂ ಇಲ್ಲ. ಜಲಜಳ ತೊಡೆ ನಡುಗಿತು, ಅಂಗೈ ಉರಿಯಿತು, ಸೊಂಟ ಮಾತ್ರ ನಿಂತಿತ್ತು. ಒಳಗಿನಿಂದ ಹಿಡಿದುಕೊಂಡ ಸೊಂಟ ಹೇಗಿರುತ್ತದೆ ಎಂದು ಅವಳಿಗೆ ಗೊತ್ತಾದದ್ದು ಆಗ. ಕಡೆಗೆ ಮುಂದೆ ಯಾರದ್ದೋ ಕಾಲು ಜಾರಿತು. ಒಬ್ಬೊಬ್ಬರೇ ಹಗ್ಗ ಬಿಟ್ಟು ಬಿದ್ದರು. ಜಲಜ ಬಿಡಲಿಲ್ಲ. ಎದುರು ತಂಡವಿಡೀ ಅವಳೊಬ್ಬಳನ್ನೇ ಕೆಸರಿನಲ್ಲಿ ನೇಗಿಲಿನಂತೆ ಎಳೆದುಕೊಂಡು ಗೆರೆ ದಾಟಿತು. ಸೀಟಿ ಊದಿದ ಮೇಲೂ ಹಗ್ಗ ಅವಳ ಸೊಂಟದಲ್ಲೇ ಇತ್ತು.

ಕಡಲತಡಿಯವರು ಸೋತರು. ಪದ್ದು ಕೆಸರಿನಲ್ಲಿ ತೆವಳುತ್ತ ಬಂದು, ಗೆದ್ದವರೇ ಹಗ್ಗ ಬಿಟ್ಟಾಯಿತು, ನಿನ್ನದೇನು ಮನೆಗೆ ಕೊಂಡುಹೋಗುವ ಯೋಚನೆಯೇ ಎಂದು ಕೇಳಿದಳು. ಜಲಜಳಿಗೆ ನಗು ಬಂತು. ನಗು ಬಂದರೆ ಬಾಯಿಗೆ ಸೆರಗು, ಕಾಲಿಗೆ ಕತ್ತರಿ ಎನ್ನುವುದು ಇಷ್ಟು ವರ್ಷಗಳ ರೂಢಿ. ಈಗ ಬಾಯಿ ತೆರೆದು, ಕಾಲು ಚಾಚಿ, ಮುಖಕ್ಕೆ ಮಳೆ ಬೀಳುವಂತೆ ಅಂಗಾತ ಮಲಗಿ ನಕ್ಕಳು. ನಕ್ಕು ನಕ್ಕು ದಣಿದ ಮೇಲೆ, ಅಲ್ಲಿಯೇ, ಕಳೆದ ವರ್ಷ ತನ್ನ ಕಾಲು ಜಾರಿರಲಿಲ್ಲ ಎನ್ನುವುದರಿಂದ ಹಿಡಿದು ಎಲ್ಲವನ್ನೂ ಪದ್ದುವಿಗೆ ಹೇಳಿಬಿಟ್ಟಳು. ಇವತ್ತು ಮೊದಲ ಜಗ್ಗಾಟದಲ್ಲಿ ಹನಿದದ್ದನ್ನೂ ಮುಚ್ಚಿಡಲಿಲ್ಲ. ಪದ್ದು ಕೈಯ ಕೆಸರನ್ನು ಒರೆಸಿಕೊಂಡು, ಎದ್ದು ಹೋದಳು. ಹೇಳಬಾರದಿತ್ತೇನೋ ಎಂದು ಜಲಜಳಿಗೆ ಮನಸ್ಸು ಕಹಿಯಾಯಿತು. ಆದರೂ ಹೇಳಿದ್ದನ್ನು ಹಿಂದೆ ತೆಗೆದುಕೊಳ್ಳುವ ಆಸೆ ಆಗಲಿಲ್ಲ.

ಮರುದಿನ ತರಗತಿಯಿತ್ತು. ಮೈಯೆಲ್ಲ ನೋವಿದ್ದರೂ ಜಲಜ ಹೊತ್ತಿಗೆ ಸರಿಯಾಗಿ ಸಾಸ್ತಾನದ ಬಸ್‌ಸ್ಟಾಪಿಗೆ ಬಂದಳು. ಅಲ್ಲಿ ಕೊಡೆ ಹಿಡಿದು ಪದ್ದು ನಿಂತಿದ್ದಳು. ಅವಳ ಹಿಂದೆ ತಂಡದ ಇನ್ನಿಬ್ಬರು, ಗಿರಿಜಾ ಮತ್ತು ಚೇತನಾ. ಯಾರ ತಲೆಯ ಮೇಲೂ ಬುಟ್ಟಿ ಇರಲಿಲ್ಲ. ಜಲಜ ಒಬ್ಬೊಬ್ಬರ ಮುಖ ನೋಡಿದಳು. ಗಿರಿಜಾ ನೆಲ ನೋಡಿದಳು. ಪದ್ದು ಮಾತ್ರ ನೇರ ನೋಡಿ, ಧ್ವನಿ ತಗ್ಗಿಸಿ ಹೇಳಿದಳು.

"ನಂಗೂ ಸಣ್ಣ ಮಗು ಹುಟ್ಟಿದಾಗಿಂದ ಇತ್ತ್ ಮಾರಾಯ್ತಿ. ನಾ ನೀರ್ ಕುಡೀದೇ ಇಪ್ಪುದ್ ಎಂತಕ್ ಅಂದೇಳಿ ತಿಳ್ಕಂಡಿದ್ದೆ ನೀ?"

ಬಸ್ಸು ಬಂತು. ನಾಲ್ವರೂ ಹತ್ತಿ ಕೂತರು. ಸುಜಿತ್ ಚೀಲ ಅಲ್ಲಾಡಿಸುತ್ತ ಬಂದು, ಸಾಲಾಗಿ ಕೂತ ಮೀನಿನ ಹೆಂಗಸರನ್ನೂ ಬುಟ್ಟಿ ಇಡುವ ಹಿಂದಿನ ಬರಿಜಾಗವನ್ನೂ ನೋಡಿ, ಏನು ಇವತ್ತು ಎಲ್ಲರಿಗೂ ಹಲ್ಲುನೋವಾ ಎಂದು ಕೇಳಿದ. ಬಸ್ಸಿನ ಅರ್ಧ ಜನ ತಿರುಗಿ ನೋಡಿದರು.

"ಹಲ್ಲಲ್ಲ ಮಾರಾಯ," ಎಂದಳು ಜಲಜ, ಧ್ವನಿ ತಗ್ಗಿಸದೆ. "ಬುಟ್ಟಿ ಹೊತ್ತ್ ಹೊತ್ತ್ ನಮ್ಗೆ ಹೊಟ್ಟಿ ಅಡಿ ಸಡ್ಲ ಆಯ್ತ್. ಗಟ್ಟಿ ಮಾಡ್ಕಂಬುಕೆ ಹೋಪುದ್. ನಾಲ್ಕ್ ಬ್ರಹ್ಮಾವರ ಕೊಡ್."

ಸುಜಿತ್ ನಾಲ್ಕು ಟಿಕೆಟು ಹರಿದು ಕೊಟ್ಟ. ಮುಂದಿನ ಸೀಟಿನ ಹೆಂಗಸೊಬ್ಬಳು ತಿರುಗಿ, ಬ್ರಹ್ಮಾವರದಲ್ಲಿ ಅದು ಎಲ್ಲಿ ಎಂದು ಮೆಲ್ಲಗೆ ಕೇಳಿದಳು. ಜಲಜ ಅವಳಿಗೆ ದಾರಿ ಹೇಳುತ್ತಿರುವಾಗ ಪದ್ದು ಚೀಲದಿಂದ ಬಾಟಲಿ ತೆಗೆದು, ಮುಚ್ಚಳ ತಿರುಗಿಸಿ, ಅರ್ಧ ಬಾಟಲಿ ನೀರು ಕುಡಿದಳು.